ಧೂಪದ ಬೀಜ ಕಾಯುವುದಿಲ್ಲ: ಸಾಗರ ಸೀಮೆಯ ಒಂದು ಬೋಳು ಬೆಟ್ಟದ ಪ್ರಕರಣ

ಸಾಗರ ತಾಲ್ಲೂಕಿನ ನಮ್ಮೂರಿನಲ್ಲಿ ಕಾನಿಗೆ, ಅಂದರೆ ನಿತ್ಯಹಸುರಿನ ದಟ್ಟ ಕಾಡಿಗೆ, ಅಂಟಿಕೊಂಡು ನಾಲ್ಕು ಎಕರೆ ಬೋಳು ಬೆಟ್ಟವಿದೆ. ಒಂದು ಕಾಲದಲ್ಲಿ ಅದು ತೋಟಕ್ಕೆ ಸೊಪ್ಪು ತರುವ ಒಳ್ಳೆಯ ಸೊಪ್ಪಿನಬೆಟ್ಟ. ಸೊಪ್ಪು ಕಡಿದೂ ಕಡಿದೂ ಮರ ಸೊರಗಿದವು. ಆಮೇಲೆ ಎರಡು ಸಲ ಬೆಂಕಿ ಬಿತ್ತು. ಈಗ ಅಲ್ಲಿ ಉಳಿದಿರುವುದು ಕರಡದ ಹುಲ್ಲು, ಮುಳ್ಳು, ಅಲ್ಲಲ್ಲಿ ಬೆಂಕಿಗೂ ಜಗ್ಗದ ಕೌಲು ಮರ. ಬೆಟ್ಟದ ಬುಡದಲ್ಲಿ ಹಳ್ಳ ಹರಿಯುತ್ತದೆ. ಅದರಾಚೆ ನಮ್ಮ ಅಡಿಕೆ ತೋಟಗಳು.

ಎರಡು ವರ್ಷದ ಹಿಂದೆ ಗ್ರಾಮ ಅರಣ್ಯ ಸಮಿತಿಯವರು ಶಾಲೆಯ ಜಗಲಿಯಲ್ಲಿ ಸಭೆ ಕರೆದರು. ಆ ಬೆಟ್ಟದಲ್ಲಿ ಏನು ನೆಡಬೇಕು ಎಂಬುದೊಂದೇ ವಿಷಯ. ನಾನು ಪಿಯು ಕಾಲೇಜಿನಲ್ಲಿ ಜೀವಶಾಸ್ತ್ರ ಪಾಠ ಮಾಡಿ ನಿವೃತ್ತನಾದವನು. ಊರಿಗೆ ಮೇಷ್ಟ್ರು ಅಂದಮೇಲೆ ಸಭೆಗೆ ಹೋಗದೆ ಇರಲು ಆಗುವುದಿಲ್ಲ, ಅಲ್ವಾ?

ಅರ್ಧ ಜನ ಅಕೇಶಿಯಾ ಎಂದರು. ಅದು ಎಂದಿನ ಮಾತು, ಬಿಡಿ. ಇನ್ನೊಂದು ಮಾತು ಮಾತ್ರ ನನಗೆ ಹೊಸದಾಗಿತ್ತು. ಬೆಂಗಳೂರಿನ ಕೆಲಸ ಬಿಟ್ಟು ತೋಟ ನೋಡಿಕೊಳ್ಳಲು ಬಂದಿರುವ ಹುಡುಗನೊಬ್ಬ ಎದ್ದು ನಿಂತ. "ಮೇಷ್ಟ್ರೇ, ಇನ್ಮೇಲೆ ಬಿಸಿಲು ಜಾಸ್ತಿಯೇ ಆಗೋದು. ಕಾನಿನ ಮರ ನೆಟ್ಟು ಸುಮ್ನೆ ಯಾಕೆ ಸಾಯಿಸೋದು? ತೇಗ ನೆಡೋಣ, ಬೇವು ನೆಡೋಣ. ಬಯಲುಸೀಮೆ ಮರ ಆದ್ರೆ ತಡ್ಕೊಳ್ತವೆ" ಎಂದ. ಮಾತಿನಲ್ಲಿ ತೂಕವಿತ್ತು. ಮೂಲೆಯಲ್ಲಿ ಕವಳ ಹಾಕುತ್ತ ಕೂತಿದ್ದ ಹಿರಿಯರೊಬ್ಬರು ಮಾತ್ರ ಒಪ್ಪಲಿಲ್ಲ. "ತಮಾ, ಈ ಕಾನು ಹಿಂದೆ ಯಾವತ್ತೂ ಬಿಸಿಲು ಕಂಡಿಲ್ಲವಾ?" ಎಂದು ಕೇಳಿದರು.

ಉತ್ತರ ಹೇಳಬೇಕಾದ ಸರದಿ ನನ್ನದಾಯಿತು. ಒಂದು ತಿಂಗಳು ಟೈಮ್ ಕೇಳಿದೆ. ಮುಂದಿನದು ಆ ತಿಂಗಳ ಓದು, ಅದರ ಮೇಲೆ ನಾವು ಮಾಡಿದ ತೀರ್ಮಾನ, ನಾನು ಮಾಡಿದ ಒಂದು ದೊಡ್ಡ ತಪ್ಪು.

ನಮ್ಮ ಕಲ್ಲಿನಲ್ಲಿ ಎಲೆ ಇಲ್ಲ

ಹಳೇ ಕಾಡಿನ ಕತೆ ಗೊತ್ತಾಗುವುದು ಪಳೆಯುಳಿಕೆಯಿಂದ. ಕೆಸರಿನಲ್ಲಿ ಹೂತುಹೋದ ಎಲೆ, ಬೀಜ, ಮರದ ತುಂಡು, ಪರಾಗದ ಕಣ. ಆದರೆ ಶಿವಮೊಗ್ಗ ಜಿಲ್ಲೆಯ ಬಂಡೆಯನ್ನು ಎಷ್ಟು ಒಡೆದರೂ ಎಲೆ ಸಿಗುವುದಿಲ್ಲ. ನಮ್ಮ ಬಂಡೆಗಳು ಹೆಚ್ಚುಕಡಿಮೆ 250 ಕೋಟಿ ವರ್ಷಕ್ಕೂ ಹಳೆಯವು. ನೆಲದ ಮೇಲೆ ಗಿಡ ಹುಟ್ಟಿದ್ದೇ ಸುಮಾರು 47 ಕೋಟಿ ವರ್ಷದ ಹಿಂದೆ. ಗಿಡವೇ ಇಲ್ಲದ ಕಾಲದ ಕಲ್ಲಿನಲ್ಲಿ ಎಲೆ ಹುಡುಕಿದರೆ ಹೇಗೆ? ಹಾಗಾಗಿ ನಮ್ಮ ಕಾನಿನ ಪೂರ್ವಜರ ಸುದ್ದಿಯನ್ನು ಗುಜರಾತ್, ರಾಜಸ್ಥಾನದ ಲಿಗ್ನೈಟ್ (ಕಂದು ಕಲ್ಲಿದ್ದಲು) ಗಣಿಗಳಿಂದ, ಇನ್ನೂ ದೂರದ ಅಮೆರಿಕ, ಕೊಲಂಬಿಯಾಗಳಿಂದ ತರಿಸಿಕೊಳ್ಳಬೇಕು.

ಎಲೆಯ ಗುರುತು ನೋಡಿ ಹಳೇ ಕಾಲದ ಬಿಸಿ ಹೇಳುವುದು ಹೇಗೆ ಎಂದು ಸಮಿತಿಯವರಿಗೆ ನಂಬಿಕೆ ಬರಬೇಕಿತ್ತು. ಅದಕ್ಕೆ ಶಾಲೆಯ ಮಕ್ಕಳನ್ನು ಕಾನಿಗೆ ಕರೆದುಕೊಂಡು ಹೋದೆ. ಜಾತಿಗೆ ಒಂದೊಂದು ಎಲೆ ತನ್ನಿ ಎಂದೆ. ಜಗಲಿಯಲ್ಲಿ ಎರಡು ರಾಶಿ ಮಾಡಿದೆವು: ಅಂಚು ನುಣ್ಣಗಿರುವವು ಒಂದು ಕಡೆ, ಅಂಚಿನಲ್ಲಿ ಗರಗಸದ ಹಲ್ಲು ಇರುವವು ಇನ್ನೊಂದು ಕಡೆ.

ನುಣ್ಣನೆಯ ರಾಶಿಗೆ ಧೂಪ, ಹೈಗ, ಹಲಸು, ಹೆಬ್ಬಲಸು, ಮಾವು, ಸುರಹೊನ್ನೆ, ನೇರಳೆ, ದಾಲ್ಚಿನ್ನಿ, ರಾಮಪತ್ರೆ, ಉಪ್ಪಾಗೆ, ಮುರುಗಲು, ರೆಂಜೆ, ನಂದಿ, ಮತ್ತಿ, ಹೊಂಗೆ, ಅಶೋಕ ಬಿದ್ದವು. ಹಲ್ಲಿನ ರಾಶಿಗೆ ಕೌಲು, ಕಣಗಲು, ಹಣ್ಣುಸಂಪಿಗೆ, ಕಾನಿನ ರುದ್ರಾಕ್ಷಿ ಇಷ್ಟೇ. ಒಬ್ಬ ಹುಡುಗಿ ಗೇರು ಎಲೆ ತಂದಿದ್ದಳು. ಅದು ಪೋರ್ಚುಗೀಸರ ಜೊತೆ ಬ್ರೆಜಿಲ್‌ನಿಂದ ಬಂದ ನೆಂಟ, ಈ ಲೆಕ್ಕಕ್ಕೆ ಬರುವುದಿಲ್ಲ ಎಂದಾಗ ಅವಳ ಮುಖ ಸಪ್ಪಗಾಯಿತು.

20ರಲ್ಲಿ 16 ನುಣ್ಣಗೆ. ಅಂದರೆ ಶೇ. 80. ಸೆಕೆಯ ನಾಡಿನ ಮರಗಳಲ್ಲಿ ನುಣ್ಣನೆ ಅಂಚು ಜಾಸ್ತಿ, ಚಳಿನಾಡಿನಲ್ಲಿ ಹಲ್ಲು ಜಾಸ್ತಿ ಎಂಬುದನ್ನು ಬೇಯ್ಲಿ ಮತ್ತು ಸಿನ್ನಾಟ್ ಎಂಬ ಅಮೆರಿಕದ ಸಸ್ಯವಿಜ್ಞಾನಿಗಳು 1915ರಲ್ಲೇ ಬರೆದಿದ್ದರು. 1979ರಲ್ಲಿ ಜ್ಯಾಕ್ ವುಲ್ಫ್ ಪೂರ್ವ ಏಷ್ಯಾದ ಕಾಡುಗಳನ್ನು ಅಳೆದು ಅಂಕಿ ಕೊಟ್ಟರು. ಅದರಿಂದ ಬಂದ ಸೂತ್ರ ಸುಲಭ: ನುಣ್ಣನೆ ಎಲೆಯ ಪಾಲನ್ನು 30.6ರಿಂದ ಗುಣಿಸಿ 1.14 ಕೂಡಿಸಿದರೆ ವರ್ಷದ ಸರಾಸರಿ ಉಷ್ಣತೆ. ನಮ್ಮ ಲೆಕ್ಕ 25.6 ಡಿಗ್ರಿ ಬಂತು. ಇಪ್ಪತ್ತೇ ಜಾತಿ ಇಟ್ಟುಕೊಂಡು ಮಾಡಿದ ಲೆಕ್ಕ ಆಟದ ಲೆಕ್ಕವೇ. ಎರಡು ಮೂರು ಡಿಗ್ರಿ ಆಚೀಚೆ ಆಗುತ್ತದೆ. ಆದರೂ ಥರ್ಮಾಮೀಟರ್ ಇಲ್ಲದೆ, ಬರೀ ಎಲೆ ನೋಡಿ ಮಲೆನಾಡಿನ ಹತ್ತಿರದ ಅಂಕಿ ಬಂತಲ್ಲ! ಇದೇ ಲೆಕ್ಕವನ್ನು ಕೋಟಿಗಟ್ಟಲೆ ವರ್ಷ ಹಳೆಯ ಎಲೆಗೂ ಹಾಕುತ್ತಾರೆ ಎಂದಾಗ ಸಮಿತಿಯ ಅಧ್ಯಕ್ಷರೂ ಬಗ್ಗಿ ರಾಶಿ ನೋಡಿದರು.

5.6 ಕೋಟಿ ವರ್ಷದ ಹಿಂದಿನ ಸೆಕೆ

ಹಿರಿಯರ ಪ್ರಶ್ನೆಗೆ ಹತ್ತಿರದ ಉದಾಹರಣೆ ಸುಮಾರು 5.6 ಕೋಟಿ ವರ್ಷ ಹಿಂದಿನದು. ಆಗ ಕೆಲವೇ ಸಾವಿರ ವರ್ಷದಲ್ಲಿ ಗಾಳಿಗೂ ಕಡಲಿಗೂ ಭಾರೀ ಪ್ರಮಾಣದ ಇಂಗಾಲ ಸೇರಿತು. ಭೂಮಿಯ ಸರಾಸರಿ ಉಷ್ಣತೆ 5ರಿಂದ 6 ಡಿಗ್ರಿ ಏರಿತು. ಮತ್ತೆ ಮೊದಲಿನಂತಾಗಲು ಸುಮಾರು 2 ಲಕ್ಷ ವರ್ಷ ಹಿಡಿಯಿತು. ಇದರ ಸುಳಿವು ಮೊದಲು ಸಿಕ್ಕಿದ್ದು ಅಂಟಾರ್ಕ್ಟಿಕಾ ಹತ್ತಿರದ ಕಡಲ ತಳದ ಕೆಸರಿನಲ್ಲಿ, 1991ರಲ್ಲಿ.

ಆಗ ಕಾಡು ಏನು ಮಾಡಿತು? ಇದಕ್ಕೆ ಒಂದೇ ಉತ್ತರ ಇಲ್ಲ. ಅದೇ ಇದರ ರುಚಿ.

ಅಮೆರಿಕದ ವಯೋಮಿಂಗ್‌ನ ಬಿಗ್‌ಹಾರ್ನ್ ಕಣಿವೆಯಲ್ಲಿ ಸ್ಕಾಟ್ ವಿಂಗ್ ಎಂಬ ವಿಜ್ಞಾನಿ ವರ್ಷಗಟ್ಟಲೆ ಮಣ್ಣು ಕೆದಕಿ ಆ ಸೆಕೆಗಾಲದ ಎಲೆಗಳನ್ನೇ ಹುಡುಕಿದರು. 2005ರಲ್ಲಿ ಪ್ರಕಟವಾದ ಅವರ ತಂಡದ ಫಲಿತಾಂಶ ಹೀಗಿತ್ತು: ಸೆಕೆ ಏರಿದಾಗ ಅಲ್ಲಿದ್ದ ಮರಗಳು ಹೆಚ್ಚುಕಡಿಮೆ ಜಾಗ ಖಾಲಿ ಮಾಡಿದವು. ದಕ್ಷಿಣದಿಂದ ಬೇರೆ ಗಿಡಗಳು ಬಂದವು, ಅದರಲ್ಲೂ ನಮ್ಮ ಹೊಂಗೆ, ಹುಣಸೆಯ ಬಳಗದವು, ಕಾಯಿಸಹಿತ. ಸೆಕೆ ಇಳಿದ ಮೇಲೆ ಬಂದವರು ಹೋದರು, ಹಳಬರಲ್ಲಿ ಬಹಳಷ್ಟು ವಾಪಸು ಬಂದರು. ಅಂದರೆ ಅಲ್ಲಿ ಕಾಡು ಬದುಕಿದ್ದು ನಿಂತ ಜಾಗದಲ್ಲಿ ಅಲ್ಲ, ನಡೆದು. ಗುಳೆ ಹೋಗಿ ಬಂದ ಹಾಗೆ.

ಅದೇ ಕಣಿವೆಯ ಎಲೆಗಳನ್ನು ಎಲೆನ್ ಕುರಾನೋ ಇನ್ನೊಂದು ಕಣ್ಣಿನಿಂದ ನೋಡಿದರು. ಹುಳ ತಿಂದ ತೂತು ಎಣಿಸಿದರು. ಸೆಕೆಗಾಲದ ಎಲೆಗಳಲ್ಲಿ ಅರ್ಧಕ್ಕಿಂತ ಜಾಸ್ತಿಗೆ ಹುಳದ ಗಾಯ ಇತ್ತು. ಅದರ ಹಿಂದೆ ಮುಂದೆ ಅಷ್ಟಿರಲಿಲ್ಲ. 2008ರಲ್ಲಿ ಬಂದ ಈ ಅಧ್ಯಯನವನ್ನು ಸಭೆಯಲ್ಲಿ ಹೇಳಿದಾಗ ಯಾರೂ ಮಾತಾಡಲಿಲ್ಲ. ಎಲೆಚುಕ್ಕಿ ರೋಗದಿಂದ ತೋಟ ಕಳೆದುಕೊಂಡವರು ನಾಲ್ಕು ಜನ ಅಲ್ಲಿಯೇ ಕೂತಿದ್ದರು. ಅದು ಶಿಲೀಂಧ್ರ, ಇದು ಹುಳ. ಎರಡೂ ಒಂದಲ್ಲ ಎಂದು ನಾನೇ ಹೇಳಬೇಕಾಯಿತು. ಭಯ ಹುಟ್ಟಿಸುವುದಕ್ಕೆ ಹೋಲಿಕೆ ಕೊಡಬಾರದು.

ಆದರೆ ವಯೋಮಿಂಗ್ ಚಳಿಯ ಕಡೆಯ ನಾಡು. ನಮ್ಮ ಥರದ ಸೆಕೆನಾಡಿನಲ್ಲಿ ಏನಾಯಿತು? ಇಲ್ಲಿ ನನಗೇ ಆಶ್ಚರ್ಯ ಕಾದಿತ್ತು. ಕೊಲಂಬಿಯಾ ಮತ್ತು ವೆನಿಜುವೆಲಾದಲ್ಲಿ ಕಾರ್ಲೋಸ್ ಹರಮಿಯೋ ತಂಡ ಅದೇ ಕಾಲದ ಪರಾಗ ಎಣಿಸಿತು. 3ರಿಂದ 5 ಡಿಗ್ರಿ ಸೆಕೆ ಏರಿದ್ದರೂ ಮಳೆಕಾಡು ಸತ್ತಿರಲಿಲ್ಲ. ಬದಲಿಗೆ ಗಿಡಗಳ ಬಗೆ ಜಾಸ್ತಿಯಾಗಿತ್ತು. 2010ರಲ್ಲಿ ಇದು ಪ್ರಕಟವಾದಾಗ ಹವಾಮಾನದ ಚಿಂತೆಯೇ ಸುಳ್ಳು ಎನ್ನುವವರಿಗೆ ಹಬ್ಬ. ಅವರು ಒಂದು ಸಾಲು ಬಿಟ್ಟು ಓದಿದರು: ಆ ಸೆಕೆಯ ಜೊತೆ ಅಲ್ಲಿ ನೀರು ಕಡಿಮೆಯಾದ ಗುರುತು ಇರಲಿಲ್ಲ.

ಈ ಒಂದು ಸಾಲು ನನ್ನ ತಲೆಯಲ್ಲಿ ಕೂತುಬಿಟ್ಟಿತು.

ಧೂಪದ ವಂಶ

ಕಾನಿನ ಧೂಪದ ಮರಕ್ಕೆ ಕೊಚ್ಚು ಹಾಕಿದರೆ ಬಿಳಿ ಹಾಲಿನಂಥ ರಾಳ ಇಳಿಯುತ್ತದೆ. ಒಣಗಿದ ಮೇಲೆ ಕಲ್ಲುಸಕ್ಕರೆಯ ಹಾಗೆ ಗಟ್ಟಿ. ಕೆಂಡದ ಮೇಲೆ ಹಾಕಿದರೆ ಮನೆಯಿಡೀ ಘಮ. ನಮ್ಮಜ್ಜಿ ಸಂಜೆ ಹಾಕುತ್ತಿದ್ದ ಧೂಪ ಅದೇ.

ಗುಜರಾತಿನ ಸೂರತ್ ಹತ್ತಿರದ ವಸ್ತಾನ್ ಲಿಗ್ನೈಟ್ ಗಣಿಯಲ್ಲಿ ಇದೇ ಬಳಗದ ಮರದ ರಾಳ ಗಟ್ಟಿಯಾಗಿ ಅಂಬರ್ ಆಗಿ ಸಿಕ್ಕಿದೆ. ವಯಸ್ಸು 5ರಿಂದ 5.2 ಕೋಟಿ ವರ್ಷ. ಅದರೊಳಗೆ ಜೇನು, ಇರುವೆ, ಗೆದ್ದಲು, ಜೇಡ ಎಲ್ಲ ಹಾಗೆಯೇ ಸಿಕ್ಕಿಕೊಂಡಿವೆ. 2010ರಲ್ಲಿ ಇದರ ವರದಿ ಬಂದಾಗ 700ಕ್ಕೂ ಹೆಚ್ಚು ಜೀವಿಗಳು ಸಿಕ್ಕಿದ್ದವು. ಆಗ ಭಾರತ ಇನ್ನೂ ಸಮಭಾಜಕ ವೃತ್ತದ ಹತ್ತಿರ ತೇಲುತ್ತಿತ್ತು. ಭೂಮಿ ಇವತ್ತಿಗಿಂತ ಬಹಳ ಬಿಸಿ. ಧ್ರುವದಲ್ಲೂ ದೊಡ್ಡ ಹಿಮದ ಹಾಳೆ ಇರಲಿಲ್ಲ. ಅಂಥ ಸೆಕೆಯಲ್ಲೂ ಧೂಪದ ಬಳಗ ದಟ್ಟವಾಗಿ ನಿಂತಿತ್ತು.

ಲಖನೌದಲ್ಲಿ ಬೀರಬಲ್ ಸಾಹ್ನಿ 1946ರಲ್ಲಿ ಕಟ್ಟಿದ ಸಂಸ್ಥೆಯ ವಿಜ್ಞಾನಿಗಳು ಮತ್ತು ಅವರ ಜೊತೆಗಾರರು 2022ರಲ್ಲಿ ಇದಕ್ಕೂ ಹಿಂದಿನ ಕತೆ ಹೇಳಿದರು. ಈ ಬಳಗ ಹುಟ್ಟಿದ್ದು ಆಫ್ರಿಕಾದಲ್ಲಿ. ಡೈನೋಸಾರ್‌ಗಳ ಕೊನೆಗಾಲದ ಸುಮಾರಿಗೆ ಭಾರತಕ್ಕೆ ದಾಟಿತು. ಭಾರತ ಏಷ್ಯಾಕ್ಕೆ ಬಂದು ತಾಗಿದ ಮೇಲೆ ಇಲ್ಲಿಂದ ಮಲೇಷ್ಯಾ, ಬೋರ್ನಿಯೋ ಕಡೆ ಹಬ್ಬಿತು. ಹಾಗಾಗಿ ಧೂಪ ನಮ್ಮೂರಿನ ಮರವೂ ಹೌದು, ದೊಡ್ಡ ತಿರುಗಾಟಗಾರನೂ ಹೌದು.

ಇನ್ನೊಂದು ಗಣಿ ರಾಜಸ್ಥಾನದ ಬಿಕಾನೇರ್ ಹತ್ತಿರದ್ದು, ಹೆಸರು ಗುಢಾ. ಅಲ್ಲಿಯೂ ಅದೇ ಸುಮಾರಿನ ಸೆಕೆನಾಡಿನ ಎಲೆಗಳು ರಾಶಿರಾಶಿ ಸಿಕ್ಕಿವೆ. ಗಣಿಯಿಂದ ಮೇಲೆ ಬಂದು ಸುತ್ತ ನೋಡಿದರೆ ಥಾರ್ ಮರುಭೂಮಿ. ಅಲ್ಲಿ ಕಾಡನ್ನು ಕೊಂದದ್ದು ಸೆಕೆಯಲ್ಲ. ಸೆಕೆ ಜಾಸ್ತಿ ಇದ್ದಾಗ ಕಾಡು ಇತ್ತು. ಭೂಮಿ ತಣ್ಣಗಾಗುತ್ತ ಬಂದು, ಭಾರತ ಉತ್ತರಕ್ಕೆ ಸರಿದು, ಮಳೆ ಕೈಕೊಟ್ಟ ಮೇಲೆ ಕಾಡು ಹೋಯಿತು.

ಇದನ್ನು ಊರಿನವರಿಗೆ ಹೇಳಲು ಬಿಕಾನೇರ್ ಬೇಕಿಲ್ಲ. ಆಗುಂಬೆಯಿಂದ ಶಿವಮೊಗ್ಗ ಪೇಟೆಗೆ ಬಸ್ಸಿನಲ್ಲಿ ಕೂತರೆ ಸಾಕು. ನೂರು ಕಿಲೋಮೀಟರ್ ಒಳಗೆ ಧೂಪದ ಕಾಡು ಮುಗಿದು ತೇಗ, ಮತ್ತಿ, ಬಿದಿರು ಶುರುವಾಗುತ್ತದೆ. ಸೆಕೆಯಲ್ಲಿ ವ್ಯತ್ಯಾಸ ಇದೆ, ಆದರೆ ಅಷ್ಟೇನಿಲ್ಲ. ಮಳೆಯಲ್ಲಿದೆ ವ್ಯತ್ಯಾಸ. ಆಗುಂಬೆಯಲ್ಲಿ ವರ್ಷಕ್ಕೆ 7000 ಮಿಲಿಮೀಟರ್ ದಾಟುತ್ತದೆ. ಶಿವಮೊಗ್ಗದಲ್ಲಿ ಅದರ ಕಾಲುಭಾಗವೂ ಬೀಳುವುದಿಲ್ಲ. ಕಾರವಾರದ ಎದುರಿನ ಕಡಲ ತಳದ ಕೆಸರಿನಲ್ಲಿರುವ ಪರಾಗವೂ ಇದನ್ನೇ ಹೇಳುತ್ತದೆ. ಸುಮಾರು 3500 ವರ್ಷದ ಈಚೆ ಮಳೆ ತಗ್ಗುತ್ತ ಬಂದಾಗ ಘಟ್ಟದ ಕಾಡಿನ ಪರಾಗ ಕಡಿಮೆಯಾಗಿ ಹುಲ್ಲಿನ ನೆಲ ಹೆಚ್ಚಿದೆ.

ಹಾಗಾದರೆ ಬೆಂಗಳೂರಿನಿಂದ ಬಂದ ಹುಡುಗ ಹೇಳಿದ್ದು ತಪ್ಪೇ? ಪೂರ್ತಿ ತಪ್ಪಲ್ಲ. ಅವನು ಬಿಸಿಲನ್ನು ಎಣಿಸಿದ್ದ, ನೀರನ್ನು ಬಿಟ್ಟಿದ್ದ. ನಾನು ಎಣಿಸಬೇಕಾದದ್ದು ಇನ್ನೂ ಒಂದಿತ್ತು: ವೇಗ. 5.6 ಕೋಟಿ ವರ್ಷದ ಹಿಂದಿನ ಆ ಸೆಕೆಗಾಲದಲ್ಲಿ ವರ್ಷಕ್ಕೆ ಗಾಳಿಗೆ ಸೇರುತ್ತಿದ್ದ ಇಂಗಾಲ 110 ಕೋಟಿ ಟನ್‌ಗಿಂತ ಜಾಸ್ತಿ ಇರಲಿಲ್ಲ ಎಂದು 2016ರ ಒಂದು ಲೆಕ್ಕ ಹೇಳುತ್ತದೆ. ಈಗ ನಾವು ಸುಡುತ್ತಿರುವುದು ವರ್ಷಕ್ಕೆ ಸುಮಾರು 1000 ಕೋಟಿ ಟನ್. ಹೆಚ್ಚುಕಡಿಮೆ ಒಂಬತ್ತು ಪಟ್ಟು. ಆಗಿನ ಮರಗಳಿಗೆ ತಲೆಮಾರಿನ ಮೇಲೆ ತಲೆಮಾರು ದಾಟಿ ನಡೆಯಲು ಸಮಯ ಇತ್ತು, ದಾರಿಯೂ ಇತ್ತು. ನಡುವೆ ರಸ್ತೆ, ತೋಟ, ಅಕೇಶಿಯಾ, ಹಿನ್ನೀರು ಯಾವುದೂ ಇರಲಿಲ್ಲ.

ತೀರ್ಮಾನ, ಮತ್ತು ಒಂದು ಗೋಣಿಚೀಲ

ಎರಡನೇ ಸಭೆಯಲ್ಲಿ ನಾನು ಹೇಳಿದ್ದು ಇಷ್ಟು. ನಾಲ್ಕು ಎಕರೆಯನ್ನೂ ಒಂದೇ ಜಾತಿಗೆ ಕೊಡಬೇಡಿ. ನೀರು ನಿಲ್ಲುವ ಕಡೆ ಕಾನಿನ ಮರ, ಒಣಗುವ ಕಡೆ ಒಣಗು ತಡೆಯುವ ಮರ. ಹಳ್ಳದ ದಡಕ್ಕೆ ರಾಮಪತ್ರೆ, ಸುರಹೊನ್ನೆ, ಹೈಗ. ನಡುವಿನ ನೆರಳಿಗೆ ಧೂಪ, ಉಪ್ಪಾಗೆ. ನೆತ್ತಿಯ ಮೇಲೆ ನಂದಿ, ಮತ್ತಿ, ಹೊಂಗೆ. ಅವು ನಮ್ಮವೇ, ಬಿಸಿಲಿಗೂ ಅಭ್ಯಾಸ ಇದೆ. ತೇಗ ಬೇಡ, ಬೇವೂ ಬೇಡ. ಎಲ್ಲಕ್ಕಿಂತ ಮೊದಲು ಅಡ್ಡಕ್ಕೆ ಅಗಳ ಹೊಡೆದು ಮಳೆನೀರು ಇಂಗಿಸಿ. ಕೌಲು ಮರ ಒಂದನ್ನೂ ಕಡಿಯಬೇಡಿ, ಅದರ ನೆರಳು ಬೇಕು. ಬೆಂಕಿ ಬೀಳದ ಹಾಗೆ ಸುತ್ತ ಬೆಂಕಿಗೆರೆ ಸವರಿ.

ಹುಡುಗ ಒಪ್ಪಿದ. ನೆತ್ತಿಯ ಮೇಲೆ ತನ್ನ ಮಾತು ಉಳಿಯಿತಲ್ಲ. ಅಕೇಶಿಯಾದವರು ಗೊಣಗಿದರು, ಸೌದೆ ಎಲ್ಲಿಂದ ಎಂದು. ಅವರಿಗೆ ಮತ್ತಿ ತೋರಿಸಿ ಸಮಾಧಾನ ಮಾಡಿದೆವು. ನಿಜ ಹೇಳಬೇಕೆಂದರೆ ಅವರಿಗೆ ಇನ್ನೂ ಸಮಾಧಾನ ಆಗಿಲ್ಲ.

ಈಗ ನನ್ನ ತಪ್ಪು. ಧೂಪದ ಕಾಯಿ ಉದುರುವುದು ಮಳೆ ಹಿಡಿಯುವ ಹೊತ್ತಿಗೆ. ಹಳೇ ರಸ್ತೆಯ ಬದಿಯ ಧೂಪದ ಸಾಲಿನ ಕೆಳಗೆ ಮಕ್ಕಳು, ನಾನು ಎರಡು ಗೋಣಿ ಆರಿಸಿದೆವು. ಕೋಳಿಮೊಟ್ಟೆಯಂಥ ಕಾಯಿ, ಒಳಗೆ ದಪ್ಪ ಬೀಜ. ಆದರೆ ಅಗಳದ ಕೆಲಸ ಮುಗಿದಿರಲಿಲ್ಲ. ಯಂತ್ರ ಬರುತ್ತದೆ ಎಂದವರು ಇವತ್ತು ನಾಳೆ ಎಂದರು. ನಾನು ಎರಡೂ ಗೋಣಿಯನ್ನು ಬಾಯಿ ಕಟ್ಟಿ ಮನೆಯ ಅಟ್ಟದ ಮೇಲೆ ಇಟ್ಟೆ. ಜೀವಶಾಸ್ತ್ರದ ಮೇಷ್ಟ್ರು!

ಮೂರು ವಾರದ ಮೇಲೆ ಬಿಚ್ಚಿದರೆ ಹುಳಿವಾಸನೆ. ಅರ್ಧ ಬೀಜಕ್ಕೆ ಬೂಸ್ಟು. ಕೆಲವು ಗೋಣಿಯ ಒಳಗೇ ಮೊಳೆತು, ಬಿಳಿ ಬೇರು ಬೆರಳುದ್ದ ಬಂದು, ಕಪ್ಪಾಗಿ ಕೊಳೆತಿದ್ದವು. ಉಳಿದವು ಒಳಗೆ ಒಣಗಿ ಗುಡುಗುಡು ಎನ್ನುತ್ತಿದ್ದವು. ಪಕ್ಕದ ಮನೆಯ ಅಕ್ಕ ನೋಡಿ ನಕ್ಕರು. "ಹಲಸಿನ ಬೀಜಕ್ಕಾದ್ರೂ ಕೆಮ್ಮಣ್ಣು ಹಚ್ಚಿ ಇಡ್ತಾರೆ. ಇದನ್ನ ಹಾಗೇ ಕಟ್ಟಿಟ್ರಾ ಮೇಷ್ಟ್ರೇ?" ಎಂದರು. ಧೂಪದ ಬೀಜ ರಾಗಿ, ಭತ್ತದಂತೆ ಒಣಗಿಸಿ ಇಡುವ ಬೀಜ ಅಲ್ಲ. ಒದ್ದೆ ಇದ್ದಾಗಲೇ ಮಣ್ಣು ಸೇರಬೇಕು. ಇದು ನನಗೆ ಪುಸ್ತಕದಲ್ಲಿ ಗೊತ್ತಿತ್ತು, ಅಟ್ಟ ಹತ್ತುವಾಗ ಮರೆತಿತ್ತು.

ಆ ಗೋಣಿಯ ಮುಂದೆ ಕೂತಾಗ ಅಂಬರ್‌ನ ಕತೆ ಬೇರೆಯಾಗಿ ಕಂಡಿತು. ಈ ಬೀಜಕ್ಕೆ ರೆಕ್ಕೆ ಇಲ್ಲ. ಗಾಳಿಗೆ ಹಾರದು. ತಾಯಿಮರದ ಬುಡದಲ್ಲೇ ಬಿದ್ದು, ಇಳಿಜಾರಿದ್ದರೆ ಒಂದಿಷ್ಟು ಉರುಳಿ, ಹಳ್ಳವಿದ್ದರೆ ತೇಲಿ, ಕೆಲವೇ ವಾರದಲ್ಲಿ ಮೊಳೆಯಬೇಕು, ಇಲ್ಲ ಸಾಯಬೇಕು. ಒಂದು ತಲೆಮಾರಿಗೆ ಅದು ನಡೆಯುವುದು ಕೆಲವು ಮಾರು. ಬರಗಾಲ ಬಂತು, ನಾಲ್ಕು ವರ್ಷ ಮಣ್ಣಿನಲ್ಲಿ ಮಲಗಿರುತ್ತೇನೆ ಎನ್ನುವ ಹಾಗೂ ಇಲ್ಲ. ಕಡಲು ದಾಟಿದ ವಂಶ ಎಂದು ನಾನು ಸಭೆಯಲ್ಲಿ ಹೊಗಳಿದ್ದೆ. ಅದು ದಾಟಿದ್ದು ಲಕ್ಷಾಂತರ ವರ್ಷದಲ್ಲಿ.

ರಾಮಪತ್ರೆ ಈ ವಿಷಯದಲ್ಲಿ ಜಾಣ. ಅದರ ಬೀಜಕ್ಕೆ ಸುತ್ತಿಕೊಂಡ ಕೆಂಪು ಪತ್ರೆಯ ಆಸೆಗೆ ಮಂಗಟ್ಟೆ ಹಕ್ಕಿ ನುಂಗಿ, ದೂರ ಹೋಗಿ ಬೀಜ ಉಗುಳುತ್ತದೆ. ಆದರೆ ಅದಕ್ಕೆ ಕೂರಲು ದೊಡ್ಡ ಮರ ಬೇಕು, ಗೂಡಿಗೆ ಪೊಟರೆ ಬೇಕು. ಕತ್ತಲೆಕಾನಿನಂಥ ಜಡ್ಡಿಯಲ್ಲಿ, ಅಂದರೆ ನೀರು ನಿಲ್ಲುವ ಜೌಗು ಕಾಡಿನಲ್ಲಿ, ಎರಡೂ ಇವೆ. ನಮ್ಮ ಬೋಳು ಬೆಟ್ಟದಲ್ಲಿ ಇರುವುದು ಕೌಲು ಮಾತ್ರ.

ಮರುವರ್ಷ ಆರಿಸಿದ ದಿನವೇ ನೆಟ್ಟೆವು. ಬೆಳಿಗ್ಗೆ ಕಾಯಿ, ಮಧ್ಯಾಹ್ನ ಕಂಬಳಿಕೊಪ್ಪೆ ಹಾಕಿಕೊಂಡು ಗುಂಡಿ. ಕೌಲಿನ ನೆರಳಿನಲ್ಲಿ ಹಾಕಿದ ಧೂಪ ಚೆನ್ನಾಗಿ ಎದ್ದಿತು. ಬಯಲಿನಲ್ಲಿ ಹಾಕಿದ್ದು ಮಾರ್ಚಿನ ಬಿಸಿಲಿಗೆ ಎಲೆ ಸುಟ್ಟುಕೊಂಡು ಹೋಯಿತು. ದಡದ ರಾಮಪತ್ರೆಗೆ ತೊಂದರೆ ಇಲ್ಲ. ನೆತ್ತಿಯ ಮತ್ತಿಯನ್ನು ಎರಡು ಸಲ ದನ ಮೇಯ್ದವು, ಎರಡು ಸಲವೂ ಚಿಗುರಿತು. ಬೇಸಿಗೆಯಲ್ಲಿ ಹಳ್ಳ ಬತ್ತಲಿಲ್ಲ ಎಂದು ತೋಟದವರು ಹೇಳುತ್ತಾರೆ. ಒಂದು ವರ್ಷದ ಮಳೆ ನೋಡಿ ಅದು ಅಗಳದಿಂದಲೇ ಆಯಿತು ಎಂದು ನಾನು ಹೇಳಲಾರೆ.

ಈಗ ನಮ್ಮ ತಲೆನೋವು ಬೇರೆ. ಬೆಟ್ಟದ ನೆತ್ತಿಗೂ ಆಚೆಯ ಇನ್ನೊಂದು ಕಾನಿಗೂ ನಡುವೆ ಖಾಸಗಿಯವರ ಒಂದೂವರೆ ಎಕರೆ ಅಕೇಶಿಯಾ ಇದೆ. ಅದು ಒಂದು ಬಿಟ್ಟುಕೊಟ್ಟರೆ ಎರಡು ಕಾನು ಕೂಡಿಕೊಳ್ಳುತ್ತವೆ. ಮರ ಕಡಿದ ಮೇಲೆ ಅಂಚಿನ ಇಪ್ಪತ್ತು ಅಡಿಯಾದರೂ ನಮಗೆ ನೆಡಲು ಬಿಡಿ ಎಂದು ಕೇಳಲು ಹಿರಿಯರೂ ನಾನೂ ಅವರ ಮನೆಗೆ ಹೋಗಿದ್ದೆವು. ಬೆಲ್ಲ, ನೀರು ಕೊಟ್ಟು ಉಪಚಾರ ಮಾಡಿದರು. ಅಡಿಕೆ ರೇಟು ಮಾತಾಡಿದರು. ಏಳುವಾಗ ಹಿರಿಯರು ಮತ್ತೆ ಕೇಳಿದ್ದಕ್ಕೆ, "ಮುಂದಿನ ಕಟಾವು ಆಗಲಿ, ನೋಡೋಣ ಮೇಷ್ಟ್ರೇ" ಎಂದರು. ಕಟಾವಿಗೆ ಇನ್ನೂ ಮೂರು ವರ್ಷ ಇದೆಯಂತೆ.